ಬಿಳಿ ಕ್ಲೋವರ್: ಮೊದಲು ಗುರುತು, ಆಮೇಲೆ ಬಿತ್ತನೆ

ಊಟಿಗೆ ಹೋದವರು ಹುಲ್ಲಿನ ನಡುವೆ ಕಂಡ ಮೂರೆಲೆಯ ಗಿಡವನ್ನು ಕಿತ್ತು ತಂದು ಕುಂಡದಲ್ಲಿ ನೆಡುತ್ತಾರೆ. ಬಿಳಿ ಕ್ಲೋವರ್ (ಹುಲ್ಲಿನ ನಡುವೆ ಹಬ್ಬುವ ದ್ವಿದಳ ಜಾತಿಯ ಮೇವಿನ ಗಿಡ) ಅಂತ ಹೆಮ್ಮೆಯಿಂದ ತೋರಿಸುತ್ತಾರೆ. ಬಗ್ಗಿ ನೋಡಿದರೆ ಅದು ಪುಲ್ಲಂಪುರಚಿ, ಮಕ್ಕಳು ಹುಳಿಯೆಂದು ಕಿತ್ತು ತಿನ್ನುವ ಸೊಪ್ಪು!

1. ಗುರುತು ಹಿಡಿಯಿರಿ. ಪುಲ್ಲಂಪುರಚಿಯ ಕಿರುಎಲೆ ಹೃದಯದ ಆಕಾರದ್ದು, ಹೂವಿಗೆ ಐದು ಎಸಳು. ಬಿಳಿ ಕ್ಲೋವರ್‌ನ ಕಿರುಎಲೆ ಮೊಟ್ಟೆಯಾಕಾರದ್ದು, ಅಂಚಿನಲ್ಲಿ ಸಣ್ಣ ಹಲ್ಲುಗಳಿರುತ್ತವೆ. ನಡುವೆ ಮಸುಕು ಬಿಳಿ ಪಟ್ಟೆ ಇರಬಹುದು, ಆದರೆ ಎಲ್ಲ ಗಿಡದಲ್ಲೂ ಇರುವುದಿಲ್ಲ. ಪಟ್ಟೆಯೊಂದನ್ನೇ ನಂಬಬೇಡಿ, ಹೂವನ್ನೂ ನೋಡಿ. ಉದ್ದ ತೊಟ್ಟಿನ ತುದಿಯಲ್ಲಿ ಸಣ್ಣ ಹೂಗಳ ಚೆಂಡು. ಪರಾಗಸ್ಪರ್ಶ ಆದವು ಕಂದು ಬಣ್ಣಕ್ಕೆ ತಿರುಗಿ ಕೆಳಗೆ ಜೋತು ಬೀಳುತ್ತವೆ. ಕೆಂಪು ಕ್ಲೋವರ್ ನೆಟ್ಟಗೆ ಬೆಳೆಯುತ್ತದೆ, ಮೈಮೇಲೆ ರೋಮ ಇರುತ್ತದೆ. ಬಿಳಿಯದು ನೆಲದ ಮೇಲೆ ಹರಿದು ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ.

‘ಅದೃಷ್ಟದ ನಾಲ್ಕೆಲೆ ಕ್ಲೋವರ್’ ಎಂದು ಗೆಡ್ಡೆ ಮಾರುತ್ತಾರಲ್ಲ, ದುಡ್ಡು ಕೊಡಬೇಡಿ. ಕ್ಲೋವರ್‌ಗೆ ಗೆಡ್ಡೆಯೇ ಇಲ್ಲ. ಬರ್ಸೀಮ್ ಬೀಜವನ್ನೂ ಸುಮ್ನೆ ‘ಕ್ಲೋವರ್’ ಎಂದು ಕೊಡುವುದುಂಟು. ಅದು ಒಂದೇ ವರ್ಷದ ಮೇವಿನ ಬೆಳೆ, ವರ್ಷವರ್ಷ ಉಳಿಯುವುದಿಲ್ಲ.

2. ಜಾಗ. ಇದು ತಂಪು ನಾಡಿನ ಗಿಡ. ನೀಲಗಿರಿಯಲ್ಲಿ ತಾನೇ ಹಬ್ಬಿದೆ. ಬೆಂಗಳೂರಿನಲ್ಲಿ ಕುಂಡದಲ್ಲಿ ಪ್ರಯತ್ನಿಸಬಹುದು, ಬೇಸಿಗೆಯಲ್ಲಿ ಮಧ್ಯಾಹ್ನದ ನೆರಳು ಬೇಕೇಬೇಕು. ರಾಯಚೂರು, ಕಲಬುರಗಿಯವರು ಆಸೆ ಬಿಡಿ. ಇಂಗ್ಲೆಂಡಿನಲ್ಲಿರುವವರು ಬೀಜ ಹುಡುಕುವ ಮುಂಚೆ ಮನೆ ಮುಂದಿನ ಹುಲ್ಲು ನೋಡಿ, ಅಲ್ಲೇ ಇರುತ್ತದೆ.

3. ಮಣ್ಣು. ನೀರು ಬಸಿಯಬೇಕು, ಪಿಎಚ್ 6ರಿಂದ 7 ಇರಲಿ. ಹುಳಿ ಮಣ್ಣಾದರೆ ಕೃಷಿ ಸುಣ್ಣ ಹಾಕಿ.

4. ಬಿತ್ತನೆ. ಜನ ಕೆಡಿಸುವುದು ಇಲ್ಲೇ. ಒಂದು ಗ್ರಾಮಿಗೆ ಸುಮಾರು 1,500 ಬೀಜ ಬರುತ್ತವೆ, ಅಷ್ಟು ಚಿಕ್ಕವು. ಹೆಸರುಕಾಳಿನಂತೆ ಬೆರಳಿನಲ್ಲಿ ಒತ್ತಿ ಹೂತರೆ ಮೇಲೆ ಬರುವ ಶಕ್ತಿಯೇ ಅದಕ್ಕಿಲ್ಲ. ಅರ್ಧ ಸೆಂಟಿಮೀಟರ್‌ಗಿಂತ ಆಳ ಬೇಡ.

ಬೀಜದ ಸಿಪ್ಪೆ ಗಟ್ಟಿಯಿದ್ದರೆ ಎರಡು ಮರಳು ಕಾಗದದ ನಡುವೆ ಹಗುರವಾಗಿ ಉಜ್ಜಿ. ಕುದಿನೀರು ಹಾಕಬೇಡಿ. ಕ್ಲೋವರ್‌ಗೆಂದೇ ಇರುವ ರೈಜೋಬಿಯಂ (ಬೇರಿನ ಗಂಟಿನಲ್ಲಿದ್ದು ಗಿಡಕ್ಕೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ) ಸಿಕ್ಕರೆ ಆರಿದ ಬೆಲ್ಲದ ಪಾಕದಲ್ಲಿ ಕಲಸಿ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ. ಶೇಂಗಾ, ಸೋಯಾಗೆ ಮಾರುವ ಪೊಟ್ಟಣ ಇಲ್ಲಿ ದಂಡ. ಆಮೇಲೆ ಒಣ ಮರಳು ಬೆರೆಸಿ, ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ ಚೆಲ್ಲಿ. ಹಲಗೆಯಿಂದ ಒತ್ತಿ, ಅಷ್ಟೇ. ಪೈಪಿನಿಂದ ನೀರು ಬಿಟ್ಟರೆ ಬೀಜವೆಲ್ಲ ಒಂದು ಮೂಲೆ ಸೇರುತ್ತದೆ. ಸ್ಪ್ರೇ ಬಾಟಲಿ ಹಿಡಿಯಿರಿ. ಮೊಳಕೆ ಬರುವವರೆಗೆ ಮೇಲ್ಮಣ್ಣು ಒಣಗಬಾರದು.

ಬೀಜದೆಲೆಗಳ ನಂತರ ಬರುವ ಮೊದಲ ಎಲೆ ಮೂರೆಲೆಯಲ್ಲ, ಒಂಟಿ ಎಲೆ. ಕಳೆ ಎಂದು ಕಿತ್ತು ಎಸೆಯುವವರೇ ಜಾಸ್ತಿ! ಮೂರೆಲೆ ಅದಾದ ಮೇಲೆ ಬರುತ್ತದೆ.

ಇಷ್ಟೆಲ್ಲ ತಾಪತ್ರಯ ಏಕೆ ಅನ್ನುವವರು ನನ್ನ ಮಾತು ಕೇಳಿ: ಪರಿಚಯದವರ ತೋಟದಿಂದ ಬೇರು ಬಿಟ್ಟ ಮೂರ್ನಾಲ್ಕು ಗೆಣ್ಣಿನ ಹಂಬು ತನ್ನಿ. ಮಳೆಗಾಲದಲ್ಲಿ ಮಲಗಿಸಿ ನೆಡಿ. ಬೀಜಕ್ಕಿಂತ ಇದೇ ಸುಲಭ, ಗಿಡ ಯಾವುದೆಂಬ ಅನುಮಾನವೂ ಇರುವುದಿಲ್ಲ. ಆದರೆ ನೀಲಗಿರಿಯಂಥ ಎತ್ತರದ ಬೆಟ್ಟಗಳಲ್ಲಿರುವ ಶೋಲಾ ಕಾಡಿನ ಪಕ್ಕದ ಹುಲ್ಲುಗಾವಲಿನ ಹತ್ತಿರ ಮಾತ್ರ ನೆಡಬೇಡಿ. ಇದು ಹೊರಗಿನ ಗಿಡ, ಬಿಟ್ಟರೆ ಹಬ್ಬುತ್ತದೆ.

5. ಆರೈಕೆ. ಯೂರಿಯಾ ಬೇಡ. ಹಾಕಿದರೆ ಪಕ್ಕದ ಹುಲ್ಲು ಬೆಳೆದು ಕ್ಲೋವರನ್ನೇ ಮುಚ್ಚುತ್ತದೆ. ಗಿಡಕ್ಕೆ ಬೇಕಾದ ಸಾರಜನಕವನ್ನು ಬೇರಿನ ಗಂಟುಗಳೇ ಒದಗಿಸುತ್ತವೆ. ಒಂದು ಗಂಟು ಸೀಳಿ ನೋಡಿ. ಒಳಗೆ ನಸುಗೆಂಪಿದ್ದರೆ ಕೆಲಸ ನಡೆದಿದೆ ಎಂದರ್ಥ. ಹುಲ್ಲು ಎತ್ತರ ಬೆಳೆದಾಗ ಕತ್ತರಿಸುತ್ತಿರಿ, ಬಿಸಿಲು ಬೀಳಲಿ.

ಹಸು ಸಾಕಿದವರಿಗೆ ಒಂದು ಮಾತು. ಹಸಿದ ಹಸುವನ್ನು ಬರೀ ಕ್ಲೋವರ್ ಇರುವ ಜಾಗಕ್ಕೆ ಬಿಟ್ಟರೆ ಹೊಟ್ಟೆ ಉಬ್ಬರಿಸಿ ಜೀವಕ್ಕೇ ಕುತ್ತು ಬರಬಹುದು. ಮೊದಲು ಒಣಹುಲ್ಲು ಹಾಕಿ, ಆಮೇಲೆ ಬಿಡಿ.