ಗಿಟಾರಿಗೆ ಮೈಕೋ, ಪಿಕಪ್ಪೋ?

ನಾನು ಸುಗಮ ಸಂಗೀತದ ತಂಡಗಳಿಗೆ ಅಕೌಸ್ಟಿಕ್ ಗಿಟಾರ್ ನುಡಿಸುವವನು. ಗಾಯಕರಿಗಿಂತ ಎರಡು ಹೆಜ್ಜೆ ಹಿಂದೆ, ತಬಲಾದವರ ಪಕ್ಕದಲ್ಲಿ ನನ್ನದೊಂದು ಕುರ್ಚಿ. ಕಾರ್ಯಕ್ರಮಕ್ಕೆ ಮೊದಲು ಮೈಕ್‌ಸೆಟ್‌ನವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಲೈನಾ ಸಾರ್, ಮೈಕಾ?" ಲೈನ್ ಎಂದರೆ ಗಿಟಾರಿನೊಳಗೆ ಕೂತು ಅದರ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ನಿಂದ ನೇರ ವೈರ್ ಎಳೆಯುವುದು; ಮೈಕ್ ಎಂದರೆ ಗಿಟಾರಿನ ಮುಂದೆ ಮೈಕ್ ನಿಲ್ಲಿಸುವುದು. ಹನ್ನೆರಡು ವರ್ಷಗಳಿಂದ ಈ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೇನೆ. ಕೊಟ್ಟ ಉತ್ತರ ಮಾತ್ರ ಬದಲಾಗುತ್ತಲೇ ಬಂದಿದೆ.

ಮೊದಮೊದಲು "ಲೈನ್" ಎನ್ನುತ್ತಿದ್ದೆ. ನನ್ನ ಮೊದಲ ಗಿಟಾರಿನಲ್ಲಿ ಪಿಕಪ್ ಕಾರ್ಖಾನೆಯಿಂದಲೇ ಕೂತು ಬಂದಿತ್ತು. ವೀಣೆಯವರು ಕುದುರೆ ಎನ್ನುವುದನ್ನು ಗಿಟಾರಿನವರು ಬ್ರಿಡ್ಜ್ ಎನ್ನುತ್ತೇವೆ; ಅದರ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಬಿಳಿಯ ಪಟ್ಟಿಯ ಹೆಸರು ಸ್ಯಾಡಲ್, ಅಂದರೆ ಜೀನು. ಕುದುರೆ ನಮ್ಮದು, ಜೀನು ಅವರದು. ಆ ಜೀನಿನ ಕೆಳಗೆ ದಾರದಷ್ಟು ತೆಳ್ಳಗಿನ ಪೀಜೋ ಪಟ್ಟಿ ಇರುತ್ತದೆ; ಅದೇ ಈ ಪಿಕಪ್. ಒತ್ತಿದರೆ ವಿದ್ಯುತ್ ಹುಟ್ಟಿಸುವುದು ಅದರ ಗುಣ. 1880ರಲ್ಲಿ ಕ್ಯೂರಿ ಸಹೋದರರು ಹರಳುಗಳಲ್ಲಿ ಕಂಡ ಈ ಗುಣವನ್ನೇ ಅಡುಗೆಮನೆಯ ಗ್ಯಾಸ್ ಲೈಟರ್ ಚಟ್ ಎಂದು ಕಿಡಿ ಹಾರಿಸುವಾಗ ಬಳಸಿಕೊಳ್ಳುತ್ತದೆ.

ತೊಂದರೆ ಇರುವುದೂ ಅಲ್ಲಿಯೇ. ತಂತಿ ಜೀನನ್ನು ಒತ್ತುವ ಒತ್ತಡ ಪೀಜೋಗೆ ನೇರವಾಗಿ ತಗಲುತ್ತದೆ. ಆದರೆ ಗಿಟಾರಿನ ನಾದ ಅಷ್ಟೇ ಅಲ್ಲವಲ್ಲ: ಮೇಲ್ಹಲಗೆ ನಡುಗಬೇಕು, ಒಡಲಿನ ಗಾಳಿ ಉಸಿರಾಡಬೇಕು. ಅದೆಲ್ಲ ಪೀಜೋಗೆ ಅರೆಬರೆ ಕೇಳುತ್ತದೆ. ಉಗುರು ತಾಕಿದ ಕ್ಷಣವೇ ಎದ್ದು ಬಂದು, ಆಮೇಲಿನ ಮಾಧುರ್ಯ ಸೊರಗಿಹೋಗುತ್ತದೆ. ಬೇರೆಡೆಯ ವಾದಕರು ಇದನ್ನು ಬಾತುಕೋಳಿಯ ಕೂಗಿಗೆ ಹೋಲಿಸುತ್ತಾರೆ. ನನ್ನ ಕಿವಿಗೆ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ. ನಮ್ಮ ತಂಡದ ಹಿರಿಯ ಗಾಯಕಿಯೊಬ್ಬರು ಒಮ್ಮೆ ತಿರುಗಿ ನೋಡಿ, "ಏನಪ್ಪಾ, ಇವತ್ತು ನಿನ್ನ ಗಿಟಾರಿಗೆ ನೆಗಡಿಯೇ?" ಎಂದಿದ್ದರು.

ನೆಗಡಿಯನ್ನಾದರೂ ಸಹಿಸಿಕೊಳ್ಳಬಹುದು. ಒಂದು ಗಣೇಶೋತ್ಸವದ ವೇದಿಕೆಯಲ್ಲಿ ಗಿಟಾರಿನ ಜೀವವೇ ಹೋಯಿತು. ಸಂಜೆ ಐದಕ್ಕೆ ಸೌಂಡ್ ಪರೀಕ್ಷೆ ಮುಗಿಸಿ, ವೈರನ್ನು ಗಿಟಾರಿನಲ್ಲಿಯೇ ಬಿಟ್ಟು ಊಟಕ್ಕೆ ಹೋದೆ. ಪಿಕಪ್ಪಿನ ಸಣ್ಣ ಸದ್ದನ್ನು ಹಿಗ್ಗಿಸುವ, ಗಿಟಾರಿನೊಳಗಿನ ಪ್ರಿಆಂಪ್‌ಗೆ ಸಾಮಾನ್ಯವಾಗಿ ಬೇರೆ ಸ್ವಿಚ್ ಇರುವುದಿಲ್ಲ, ಜ್ಯಾಕ್ ತೂರಿಸಿದರೆ ಅದು ಚಾಲೂ. ಮೊದಲೇ ಹಳೆಯದಾಗಿದ್ದ ಒಂಬತ್ತು ವೋಲ್ಟಿನ ಬ್ಯಾಟರಿ ಅಷ್ಟು ಹೊತ್ತೂ ಸುಮ್ಮನೆ ಉರಿಯುತ್ತಿತ್ತು. ರಾತ್ರಿ ಎರಡನೆಯ ಹಾಡಿನ ಚರಣದಲ್ಲಿ ಗಿಟಾರ್ ಗೊರಗೊರ ಎಂದು, ಒಡಕು ಸ್ವರದಲ್ಲಿ ಎರಡು ಮಾತು ಗೊಣಗಿ, ನಿಂತೇ ಹೋಯಿತು. ಉಳಿದ ಹಾಡುಗಳಿಗೆಲ್ಲ ನಾನು ನುಡಿಸುವವನಂತೆ ಕೈ ಆಡಿಸುತ್ತ ಕೂತಿದ್ದೆ. ಚಪ್ಪಾಳೆಯಲ್ಲಿ ನನಗೂ ಪಾಲು ಸಿಕ್ಕಿತು ಎನ್ನುವುದು ಬೇರೆ ಮಾತು.

ಆಮೇಲೆ "ಮೈಕ್" ಎನ್ನಲು ಶುರುಮಾಡಿದೆ. ಸ್ನೇಹಿತರೊಬ್ಬರ ಸಣ್ಣ ಡಯಾಫ್ರಮ್‌ನ (ಸದ್ದಿಗೆ ನಡುಗುವ ಒಳಪೊರೆಯ) ಕಂಡೆನ್ಸರ್ ಮೈಕ್ ಎರವಲು ತಂದೆ. ಅದಕ್ಕೆ ಎಲ್ಲರ ಸದ್ದನ್ನು ಬೆರೆಸುವ ಮಿಕ್ಸರಿನಿಂದ 48 ವೋಲ್ಟ್ ಫ್ಯಾಂಟಮ್ ವಿದ್ಯುತ್, ಅಂದರೆ ಮೈಕಿನ ವೈರಿನಲ್ಲಿಯೇ ಬರುವ ವಿದ್ಯುತ್, ಬೇಕು. ಹೊಸಬರು ಗಿಟಾರಿನ ತೂತಿನ ಮುಂದೆಯೇ ಮೈಕ್ ಇಡುತ್ತಾರೆ, ನಾನೂ ಇಟ್ಟಿದ್ದೆ. ಅಲ್ಲಿ ಬರುವುದು ಬರಿಯ ಗುಂಯ್ ಶಬ್ದ. ಗಿಟಾರಿನ ಕುತ್ತಿಗೆಯ 12ನೇ ಫ್ರೆಟ್‌ನ (ಮೆಟ್ಟಿಲಿನ) ಕಡೆ ಮೂತಿ ತಿರುಗಿಸಿ, ಒಂದು ಗೇಣು ದೂರದಲ್ಲಿ ನಿಲ್ಲಿಸಿದಾಗ ಮರದ ವಾಸನೆ ಇರುವ ನಾದ ಕೇಳಿತು. ನೂರೈವತ್ತು ಜನ ಹಿಡಿಸುವ ಸಭಾಂಗಣದಲ್ಲಿ, ತಬಲಾ ಮೆತ್ತಗಿದ್ದ ದಿನ, ನನ್ನ ಗಿಟಾರ್ ಹೊರಗೆ ಇಷ್ಟು ಚೆನ್ನಾಗಿ ಕೇಳಿದ್ದು ಅದೇ ಮೊದಲು.

ಅದೇ ಧೈರ್ಯದಲ್ಲಿ ಮುಂದಿನ ವಾರ ಬಯಲು ವೇದಿಕೆಗೂ ಅದನ್ನೇ ಒಯ್ದೆ. ಮಾನಿಟರಿನಲ್ಲಿ, ಅಂದರೆ ವೇದಿಕೆಯ ಮೇಲೆ ನಮ್ಮ ಕಡೆಗೆ ಮುಖ ಮಾಡಿದ ಸ್ಪೀಕರಿನಲ್ಲಿ, ನನ್ನದು ನನಗೆ ಕೇಳುತ್ತಿಲ್ಲವೆಂದು "ಸ್ವಲ್ಪ ಏರಿಸಿ" ಎಂದೆ. ಏರಿಸಿದರು. ಐದನೆಯ ತಂತಿ ಮೀಟಿದ್ದೇ ತಡ, ಊಊ ಎಂಬ ಕೂಗು ಇಡೀ ಮೈದಾನ ತುಂಬಿತು. ಮುಂದಿನ ಸಾಲಿನ ಮಗುವೊಂದು ಕಿವಿ ಮುಚ್ಚಿಕೊಂಡಿತು.

ಕಾರಣ ಗೊತ್ತಾದದ್ದು ಮನೆಯಲ್ಲಿ. ಗಿಟಾರಿನ ತೂತಿಗೆ ಬಾಯಿ ಹತ್ತಿರ ತಂದು ಮಂದ್ರದಿಂದ ಮೇಲಕ್ಕೆ ಮೆಲ್ಲಗೆ ಹೂಂಕರಿಸುತ್ತ ಹೋಗಿ. ಒಂದು ಸ್ವರಕ್ಕೆ ಬಂದಾಗ ಇಡೀ ಪೆಟ್ಟಿಗೆ ನಿಮ್ಮ ಜೊತೆ ಹಾಡಲು ಶುರುಮಾಡುತ್ತದೆ. ಒಡಲಿನ ಗಾಳಿಯ ಈ ಸ್ವಂತ ಸ್ವರ ಸಾಮಾನ್ಯವಾಗಿ 100 ಹರ್ಟ್ಜ್‌ನ ಆಸುಪಾಸಿನಲ್ಲಿರುತ್ತದೆ. ಐದನೆಯ ತಂತಿಯದು 110. ಮಾನಿಟರಿನ ಶಬ್ದ ಒಡಲಿಗೆ ನುಗ್ಗಿ, ಅಲ್ಲಿಂದ ಮೈಕಿಗೆ, ಮೈಕಿನಿಂದ ಮತ್ತೆ ಮಾನಿಟರಿಗೆ ಸುತ್ತುತ್ತಿತ್ತು. ತೂತಿಗೆ ರಬ್ಬರ್ ಮುಚ್ಚಳ ಹಾಕಿದರೆ ಪಿಕಪ್ಪಿನ ಕೂಗು ಎಷ್ಟೋ ಅಡಗುತ್ತದೆ. ಆದರೆ ಮೈಕ್ ಇಟ್ಟು ಮುಚ್ಚಳ ಹಾಕುವುದೆಂದರೆ ಬಾಯಿಗೆ ಬಟ್ಟೆ ತುರುಕಿ ಹಾಡು ಎಂದ ಹಾಗೆ.

ನನಗೆ ಪಾಠ ಕಲಿಸಿದವರು ಒಬ್ಬ ಹಳೆಯ ಸೌಂಡ್ ಕೆಲಸಗಾರರು. ಮಿಕ್ಸರ್ ಮುಟ್ಟಲೇ ಇಲ್ಲ. ವೇದಿಕೆಗೆ ಬಂದು, ನನ್ನ ಎಡಕ್ಕಿದ್ದ ಮಾನಿಟರನ್ನು ಕಾಲಿನಿಂದಲೇ ತಳ್ಳಿ ಮೈಕಿನ ನೇರ ಬೆನ್ನ ಹಿಂದೆ ತಂದರು. "ಈ ಮೈಕಿಗೆ ಬೆನ್ನಿನಲ್ಲಿ ಕಿವಿ ಇಲ್ಲ ಸಾರ್" ಎಂದರು. ಆಮೇಲೆ ಮೈಕನ್ನು ಮೊದಲಿದ್ದ ದೂರದ ಅರ್ಧಕ್ಕೆ ಎಳೆದರು. ದೂರ ಅರ್ಧವಾದರೆ ಗಿಟಾರಿನ ಶಬ್ದ ಸುಮಾರು 6 ಡೆಸಿಬಲ್ ಏರುತ್ತದೆ, ಅಷ್ಟು ಗೇನ್, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಪ್ರಮಾಣ, ಇಳಿಸಬಹುದು. ಎರಡೇ ನಿಮಿಷದ ಕೆಲಸ. ನಾನು ಅಷ್ಟು ದಿನ ಯಾವ ಮೈಕ್ ಕೊಳ್ಳಲಿ, ಯಾವ ಪಿಕಪ್ ಕೊಳ್ಳಲಿ ಎಂದು ತಲೆ ಕೆಡಿಸಿಕೊಂಡಿದ್ದೆ; ಮಾನಿಟರ್ ಎಲ್ಲಿ ಇಡಿಸಲಿ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಎರಡನೆಯ ಗಿಟಾರಿನ ತೂತಿನಲ್ಲಿ ಕೈ ತೂರಿಸಿ, ಬ್ರಿಡ್ಜ್‌ನ ಕೆಳಗಿನ ಒಳಪಟ್ಟಿಗೆ ಮೂರು ಪೀಜೋ ಬಿಲ್ಲೆಗಳನ್ನು ಅಂಟಿಸಿದೆ. (ಮೊದಲು ಎರಡು ಬದಿಯ ಟೇಪಿನಲ್ಲಿ ಕೂರಿಸಿ ಜಾಗ ಗೊತ್ತುಮಾಡಿಕೊಳ್ಳಿ. ನಾನು ಆತುರಪಟ್ಟು ನೇರ ಅಂಟು ಹಾಕಲು ಹೋಗಿ ಹೆಬ್ಬೆರಳನ್ನು ಅಂಟಿಸಿಕೊಂಡೆ.) ಇವು ಹಲಗೆಯ ನಡುಕವನ್ನೇ ಹಿಡಿಯುವುದರಿಂದ ನಾದ ದುಂಡಗಿದೆ, ಬ್ಯಾಟರಿಯ ಹಂಗೂ ಇಲ್ಲ. ಆದರೆ ನೇರ ಮಿಕ್ಸರಿಗೆ ಚುಚ್ಚಿದ ದಿನ ಮಂದ್ರ ತಂತಿಗಳೇ ಮಾಯವಾಗಿ ತಗಡು ಬಡಿದಂತೆ ಕೇಳಿತು. ಪೀಜೋಗೆ ಎದುರಿನ ಉಪಕರಣದ ಪ್ರತಿರೋಧ ಒಂದು ಮೆಗಾಓಮ್‌ನಷ್ಟಾದರೂ ಬೇಕು. ಮಿಕ್ಸರಿನ ಲೈನ್ ತೂತಿನಲ್ಲಿ ಸಾಮಾನ್ಯವಾಗಿ ಇರುವುದು ಹತ್ತಿಪ್ಪತ್ತು ಕಿಲೋಓಮ್. ಹಾಗಾದಾಗ ಕೆಳಗಿನ ಸ್ವರಗಳು ಸೋರಿಹೋಗುತ್ತವೆ. ನಡುವೆ ಒಂದು ಆಕ್ಟಿವ್ ಡಿಐ ಪೆಟ್ಟಿಗೆ (ಪಿಕಪ್ಪಿನ ಸದ್ದನ್ನು ಮಿಕ್ಸರಿಗೆ ಹೊಂದಿಸಿಕೊಡುವುದು) ಇಟ್ಟ ಮೇಲೆ ಸರಿಹೋಯಿತು. ಪಿಕಪ್‌ಗೆ ಖರ್ಚು ಮಾಡುವವರು ಡಿಐಗೆ ಜಿಪುಣತನ ಮಾಡುವುದನ್ನು ನೋಡಿದಾಗ ನನ್ನ ಹಳೆಯ ಮುಖವೇ ನೆನಪಾಗುತ್ತದೆ.

ಈಗ ಎರಡನ್ನೂ ಒಯ್ಯುತ್ತೇನೆ. ಪಿಕಪ್ ನನಗೆ, ಮೈಕ್ ಕೇಳುಗರಿಗೆ. ಮಾನಿಟರಿನಲ್ಲಿ ಪಿಕಪ್ ಮಾತ್ರ ಬಿಡಿಸುತ್ತೇನೆ; ಅದು ಸುಲಭಕ್ಕೆ ಕೂಗುವುದಿಲ್ಲ, ಲಯಕ್ಕೆ ಬೇಕಾದ ಸ್ಪಷ್ಟತೆ ಅದರಲ್ಲಿದೆ, ನೆಗಡಿ ನನ್ನೊಬ್ಬನಿಗೆ ಕೇಳಿದರೆ ಪರವಾಗಿಲ್ಲ. ಹೊರಗಿನ ಸ್ಪೀಕರುಗಳಿಗೆ ಮೈಕನ್ನೂ ಬೆರೆಸುತ್ತಾರೆ. ಬೆರೆಸುವಾಗ ಒಂದು ಎಚ್ಚರ: ಶಬ್ದ ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಆದ್ದರಿಂದ ಮೈಕಿನ ಸದ್ದು ಪಿಕಪ್ಪಿನದಕ್ಕಿಂತ ಒಂದು ಚೂರು ತಡವಾಗಿ ಬರುತ್ತದೆ, ಎರಡೂ ಸೇರಿದಾಗ ಕೆಲವು ಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ. ಸದ್ದಿನ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಗುಂಡಿಯನ್ನು ಒಮ್ಮೆ ಒತ್ತಿ, ಒಮ್ಮೆ ಬಿಟ್ಟು, ಯಾವುದರಲ್ಲಿ ಗಿಟಾರ್ ತುಂಬಿಕೊಂಡು ಕೇಳುತ್ತದೋ ಅದನ್ನು ಉಳಿಸಿಕೊಳ್ಳುತ್ತೇನೆ. ಮೈಕಿನಲ್ಲಿ 200 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿಬಿಡಿ ಎನ್ನುತ್ತೇನೆ, ಮಂದ್ರದ ಹೊಣೆ ಪಿಕಪ್ಪಿನದು.

ಮದುವೆ ಮನೆ, ರಸ್ತೆ ಬದಿಯ ಪೆಂಡಾಲು, ಡ್ರಮ್ಸ್ ಇರುವ ತಂಡ: ಅಲ್ಲೆಲ್ಲ ಮೈಕ್ ಚೀಲದಿಂದ ಹೊರಗೇ ಬರುವುದಿಲ್ಲ. ಸ್ಟುಡಿಯೋದಲ್ಲಿ ಪಿಕಪ್ ಹೊರಗೆ ಬರುವುದಿಲ್ಲ. ಮನೆಗಳಲ್ಲಿ ನಡೆಯುವ ಸಂಗೀತ ಕಛೇರಿಗಳಲ್ಲಿ ಎರಡೂ ಬರುವುದಿಲ್ಲ.

ಉಳಿದಿರುವುದು ತಬಲಾದ ತಕರಾರು. ಮೈಕಿನ ಬೆನ್ನನ್ನು ಮಾನಿಟರಿಗೆ ಕೊಟ್ಟರೆ ಅದರ ಪಕ್ಕೆ ಡಗ್ಗಾದ ಕಡೆಗೆ ತಿರುಗುತ್ತದೆ, ನನ್ನ ಚಾನೆಲಿನಲ್ಲಿ ಅರ್ಧ ತಬಲಾ ಕೇಳುತ್ತದೆ. ಬೆನ್ನನ್ನು ತಬಲಾಕ್ಕೆ ಕೊಟ್ಟರೆ ಮಾನಿಟರ್ ಮತ್ತೆ ಗುರಾಯಿಸುತ್ತದೆ. ಕಳೆದ ತಿಂಗಳು ಕುರ್ಚಿಯನ್ನೇ ಕೊಳಲಿನವರ ಪಕ್ಕಕ್ಕೆ ಒಯ್ದು ನೋಡಿದೆ. ಶಬ್ದವೇನೋ ಸರಿಹೋಯಿತು, ಆದರೆ ತಬಲಾದವರ ಕೈ ಕಾಣದೆ ಮೂರನೆಯ ಹಾಡಿನ ಮುಕ್ತಾಯದಲ್ಲಿ ಎಡವಿದೆ. ಮುಂದಿನ ಕಾರ್ಯಕ್ರಮಕ್ಕೆ ಕುರ್ಚಿ ಹಳೆಯ ಜಾಗದಲ್ಲಿಯೇ ಇರಲಿ ಎಂದು ಹೇಳಿದ್ದೇನೆ.