ಮಗುವಿನ ಇನ್‌ಹೇಲರ್‌ಗೆ ಅಪ್ಪನೇ ಹಿಂಜರಿದಾಗ

ಮಗುವಿಗೆ ಅಸ್ತಮಾ ಇದೆಯೆಂದು ವೈದ್ಯರು ದಿನಕ್ಕೆರಡು ಬಾರಿಯ ಇನ್‌ಹೇಲರ್ ಬರೆದುಕೊಟ್ಟಿದ್ದರೂ, ಕೆಮ್ಮು ನಿಂತ ಹದಿನೈದು ದಿನಕ್ಕೆ ಅದು ಬೀರುವಿನ ಮೂಲೆ ಸೇರುವುದು ಅನೇಕ ಮನೆಗಳಲ್ಲಿ ನಡೆಯುವ ಸಂಗತಿ. ನಿಲ್ಲಿಸಿದ ತಂದೆಯನ್ನು ಜರೆಯುವ ಮೊದಲು, ಅವರನ್ನು ತಡೆಯುತ್ತಿರುವ ಮಾತು ಯಾವುದೆಂದು ಮನೆಯವರು ಕೇಳಿ ತಿಳಿಯಬೇಕು. ಬಹುಮಟ್ಟಿಗೆ ಅದು, ‘ಪಂಪ್ ಒಮ್ಮೆ ಹಿಡಿದರೆ ಜೀವನಪೂರ್ತಿ ಬಿಡುವಂತಿಲ್ಲ’ ಎಂಬ ಭಯವೇ ಆಗಿರುತ್ತದೆ.

ಇಂತಹ ಭಯಕ್ಕೆ ಉಪದೇಶಕ್ಕಿಂತ ಲೆಕ್ಕ ಒಳ್ಳೆಯ ಮದ್ದು. ಉಬ್ಬಸ ಇಳಿಸುವ ಸಾಲ್ಬುಟಮಾಲ್ ಎಂಬ ಔಷಧದ ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ ಇದ್ದರೆ, ಅದೇ ಔಷಧದ ಪಂಪನ್ನು ಒಮ್ಮೆ ಒತ್ತಿದಾಗ ಬರುವುದು ಸಾಮಾನ್ಯವಾಗಿ 100 ಮೈಕ್ರೋಗ್ರಾಂ, ಅಂದರೆ ಸಣ್ಣ ಮಾತ್ರೆಯ ಇಪ್ಪತ್ತರಲ್ಲಿ ಒಂದು ಪಾಲು. ಇದು ಉಬ್ಬಸ ಬಂದಾಗಿನ ಪಂಪ್. ಬುಡೆಸೊನೈಡ್‌ನಂತಹ ನಿತ್ಯದ ಪಂಪಿನ ಕೆಲಸವೇ ಬೇರೆ. ಶ್ವಾಸನಾಳದೊಳಗಿನ ಉರಿಯೂತ ಕೆಮ್ಮಿಲ್ಲದ ದಿನವೂ ಉಳಿದಿರುವುದರಿಂದ, ಮಗು ಚೆನ್ನಾಗಿ ಆಡಿಕೊಂಡಿರುವಾಗಲೂ ಅದನ್ನು ಕೊಡಬೇಕಾಗುತ್ತದೆ. ಅದು ಸ್ಟೀರಾಯ್ಡ್ ಎಂಬುದನ್ನೂ, ಎತ್ತರದ ಬೆಳವಣಿಗೆ ತುಸು ತಗ್ಗಬಹುದೆಂಬುದನ್ನೂ ಮುಚ್ಚಿಡಬಾರದು, ಏಕೆಂದರೆ ಮುಚ್ಚಿಟ್ಟದ್ದು ಬೇರೆಯವರಿಂದ ತಿಳಿದ ದಿನವೇ ಪಂಪ್ ನಿಲ್ಲುತ್ತದೆ. ಸುಮಾರು 3 ತಿಂಗಳು ಹತೋಟಿಯಲ್ಲಿದ್ದರೆ ಪ್ರಮಾಣ ಇಳಿಸುವ ಬಗ್ಗೆ ಯೋಚಿಸಬಹುದೆಂಬುದನ್ನು ವೈದ್ಯರ ಬಾಯಿಂದಲೇ ಅವರಿಗೆ ಕೇಳಿಸುವುದು ಮೇಲು.

ಮೃಗಶಿರ ಮಳೆಗೆ, ಅಸ್ತಮಾಕ್ಕೆಂದು ಜೀವಂತ ಮೀನಿನೊಂದಿಗೆ ನುಂಗಿಸುವ ಹೈದರಾಬಾದಿನ ಮೀನಿನ ಔಷಧಿಗೆ ಹೋಗುತ್ತೇನೆಂದು ಅವರು ಹಟ ಹಿಡಿದರೆ ಜಗಳಕ್ಕಿಳಿಯುವ ಬದಲು, ಎರಡೂ ಪಂಪ್‌ಗಳನ್ನು ಕೈಚೀಲದಲ್ಲಿಟ್ಟು, ಒಂದು ಹೊತ್ತೂ ತಪ್ಪಿಸುವುದಿಲ್ಲವೆಂಬ ಮಾತನ್ನು ಮೊದಲು ಪಡೆಯಬೇಕು. ಜೀವಂತ ಮೀನು ನುಂಗಿಸುವಾಗ ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕೀತೆಂಬ ಆತಂಕವನ್ನಂತೂ ಹೇಳಲೇಬೇಕು.

ಬಳಿಕ ಒಂದು ಕೆಲಸವನ್ನು ಸಂಪೂರ್ಣವಾಗಿ ಅವರಿಗೇ ಬಿಡಬೇಕು. ಬೆಳಿಗ್ಗೆ ಮತ್ತು ರಾತ್ರಿ ಹಲ್ಲುಜ್ಜುವ ಮೊದಲು, ನಿತ್ಯದ ಪಂಪ್ ಕುಲುಕಿ, ಸ್ಪೇಸರ್‌ಗೆ (ಪಂಪಿಗೂ ಮಗುವಿನ ಬಾಯಿಗೂ ನಡುವೆ ಜೋಡಿಸುವ ಕೊಳವೆಗೆ) ಒಮ್ಮೆ ಒತ್ತಿ, ಮಗು ಐದಾರು ಬಾರಿ ಸಹಜವಾಗಿ ಉಸಿರಾಡುವವರೆಗೆ ಹಿಡಿದು, ಅದೇ ಪಂಪಿನ ಎರಡನೆಯ ಒತ್ತನ್ನು ಬೇರೆಯಾಗಿ ಕೊಟ್ಟು ಮಗುವಿನ ಬಾಯಿ ಮುಕ್ಕಳಿಸಿಸುವುದು ಅವರ ಪಾಲಿಗಿರಲಿ. ಡಬ್ಬಿಯ ಲೆಕ್ಕವೂ ಅವರದೇ ಆಗಲಿ: 200 ಡೋಸಿನ ಡಬ್ಬಿ ದಿನಕ್ಕೆ 4 ಬಾರಿ ಒತ್ತಿದರೆ 50 ದಿನಕ್ಕೆ ಮುಗಿಯುತ್ತದೆ, ಆದರೆ ಔಷಧ ಮುಗಿದ ಮೇಲೂ ಅನಿಲ ಬರುತ್ತಿರುವುದರಿಂದ ಕುಲುಕಿ ನೋಡಿ ನಂಬುವಂತಿಲ್ಲ, ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಅದರ ಮೇಲೆಯೇ ಬರೆಯಬೇಕು.

ಪಕ್ಕೆಲುಬು ಒಳಸೆಳೆಯುವುದು, ಮಾತು ತುಂಡಾಗುವುದು, ತುಟಿ ನೀಲಿಯಾಗುವುದು ಕಂಡರೆ ಉಬ್ಬಸದ ಪಂಪ್ ಕೊಡುತ್ತಲೇ 108ಕ್ಕೆ ಕರೆ ಮಾಡಬೇಕೆಂಬ ಚೀಟಿಯನ್ನು ಅವರ ಕೈಬರಹದಲ್ಲೇ ಬರೆಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿರಿ.