ಡಿಗ್ರಿ ಮುಗಿಸಿ ದೂರದ ಚಾರಣಕ್ಕೆ ಹೊರಟವರಿಗೆ
ಕೆಲಸಕ್ಕೆ ಸೇರುವ ಮೊದಲು ಅಮೆರಿಕದ ಅಪಲಾಚಿಯನ್ ಟ್ರೇಲ್ ಎಂಬ ಬೆಟ್ಟದ ಕಾಲುದಾರಿಯನ್ನು ನಡೆಯಬೇಕೆಂದಿರುವ ಮಕ್ಕಳೇ, ಖಂಡಿತ ಹೋಗಿ. ಆದರೆ ಅದು ಸುಮಾರು 3,500 ಕಿ.ಮೀ., 14 ರಾಜ್ಯ. ಪೂರ್ತಿ ನಡೆಯಲು ಐದರಿಂದ ಏಳು ತಿಂಗಳು ಬೇಕು. ಪ್ರವಾಸಿ ವೀಸಾದಲ್ಲಿ ಸಾಮಾನ್ಯವಾಗಿ ಸಿಗುವುದು ಆರೇ ತಿಂಗಳು.

ಅದಕ್ಕೂ ಮೊದಲು ಇಲ್ಲೇ ನಿಮ್ಮನ್ನು ಪರೀಕ್ಷಿಸಿಕೊಳ್ಳಿ. ಮಳೆಗಾಲ ಕಳೆದ ಮೇಲೆ ಅರಣ್ಯ ಇಲಾಖೆಯ ಅನುಮತಿ ಮಾಡಿಸಿ, ಬೆನ್ನಿಗೆ ಹತ್ತು ಕೆ.ಜಿ. ಹೊತ್ತು, ಮಂಗಳೂರಿನಿಂದ ಕುಕ್ಕೆಗೆ ಬಸ್ಸು ಹತ್ತಿ. 1,712 ಮೀಟರಿನ ಕುಮಾರ ಪರ್ವತ ಏರಿ ನೋಡಿ. ಏರುವುದಕ್ಕಿಂತ ಇಳಿಯುವುದೇ ಕಷ್ಟ, ಮೊಣಕಾಲು ನಡುಗುತ್ತದೆ. ಹೊಸ ಶೂ ಹಾಕಿ ಇಳಿದ ನನ್ನ ಹೆಬ್ಬೆರಳಿನ ಉಗುರು ಕಪ್ಪಾಗಿ, ತಿಂಗಳಲ್ಲಿ ಕಳಚಿಯೇ ಹೋಯಿತು. ಒಂದು ಸೈಜು ದೊಡ್ಡ ಶೂ ತೆಗೆದುಕೊಳ್ಳಿ, ಮನೆಯ ಸುತ್ತ ಎರಡು ವಾರ ಹಾಕಿ ಪಳಗಿಸಿ.

ಇಳಿದು ಬಂದ ಮರುದಿನವೇ ಪಣಂಬೂರು ಕಡಲತೀರದಲ್ಲಿ ಅದೇ ಚೀಲ ಹೊತ್ತು ಮತ್ತೆ ನಡೆಯಿರಿ. ಆಗಲೂ ಮನಸ್ಸು "ಹೋಗುವ" ಅಂದರೆ ವೀಸಾಕ್ಕೆ ಅರ್ಜಿ ಹಾಕಿ.